ಒಂದು ಸಾಲಿಗೆ ಒಂದು ಸಾಲು

ನೂರಾ ಹನ್ನೆರಡನೆಯ ಪುಟದಲ್ಲಿ ಒಂದು ಅಲ್ಪವಿರಾಮ ಹಾಕಿದ ವರ್ನೀಟಾ ಪಿಂಕ್ನಿ ಮುಂದೆ ಹೋಗಲಾರದೆ ಕುಳಿತಳು. ಇರಾಕ್ ಯುದ್ಧ ಮುಗಿಸುವ ದಾರಿ ಹುಡುಕುವ ಸಮಿತಿಯ ನಿನ್ನೆಯ ವಿಚಾರಣೆಯಲ್ಲಿ ಶೀಘ್ರಲಿಪಿ ಯಂತ್ರದ ಮೇಲೆ ತಾನೇ ಒತ್ತಿಕೊಂಡಿದ್ದ ಮಾತುಗಳನ್ನು ಬೆಳಗಿನಿಂದ ಬಿಡಿಸಿ ಬರೆಯುತ್ತಿದ್ದಳು. ಮಾತು ಆರ್ಲೀನ್ ಹ್ಯಾಚರ್ ಎಂಬ ಸಾಕ್ಷಿಯದು. ಪಶ್ಚಿಮ ವರ್ಜೀನಿಯಾದ ಶಾಲೆಯೊಂದರಲ್ಲಿ ಅಡುಗೆ ಮಾಡುವವಳು, ಮಗ ಇರಾಕಿನಲ್ಲಿ ಸಿಪಾಯಿ.

'ಶುರು ಮಾಡೋಕೆ ನಿಮಗೆ ಸಮಿತಿ ಬೇಕಿರ್ಲಿಲ್ಲ. ನಿಲ್ಲಿಸೋಕೆ ಮಾತ್ರ ಆ ಪಕ್ಷದಿಂದ ಐದು, ಈ ಪಕ್ಷದಿಂದ ಐದು ಜನ ಬೇಕಾಯ್ತಾ? ಇವರ ಪಕ್ಷದವರು ಸುಳ್ಳು ಹೇಳಿದ್ರು. ಹೇಳಿ ದಕ್ಕಿಸಿಕೊಂಡ್ರು. ನಿಮ್ಮವರು ಯುದ್ಧಕ್ಕೆ ಒಪ್ಪಿಗೆ ಅಂತ ಕೈ ಎತ್ತಿದ್ರು. ಈಗ ಹತ್ತೂ ಜನ ಸೇರಿ ಯಾರ ಮುಖಕ್ಕೂ ಮಸಿ ಹತ್ತದ ಹಾಗೆ ಒಂದು ವಾಕ್ಯ ಹುಡುಕ್ತಿದೀರಿ. ಅದು ಸಿಗೋವರೆಗೂ ನನ್ನ ಮಗ ಅಲ್ಲೇ ಕಾಯ್ಬೇಕಾ?'

ನಿನ್ನೆ ಒತ್ತುವಾಗ ವರ್ನೀಟಾ ತಡವರಿಸಿರಲಿಲ್ಲ. ಈಗ ಕೊನೆಯ ಸಾಲನ್ನು ಮತ್ತೆ ಓದಿದಳು. ಅವಳ ಮಗ ಟೆರೆನ್ಸ್ ಕೂಡ ಅಲ್ಲೇ ಇದ್ದ, ಸೈನ್ಯದವರು ಕಳಿಸಿದ್ದು ಇದು ಎರಡನೆಯ ಸಲ. ವಾಷಿಂಗ್ಟನ್ನಿನ ಈ ಕಚೇರಿಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಕೇಳಿದವರಿರಲಿಲ್ಲ.

ಮೂರು ಗಂಟೆಗೆ ಕಾರ್ಯದರ್ಶಿ ಗ್ರೇಡಿ ಬಂದ. "ಮಿಸೆಸ್ ಪಿಂಕ್ನಿ, ಹ್ಯಾಚರ್ ಮಾತಿನ ಆ ಪುಟ ತಗೊಂಡು ಬನ್ನಿ. ಇಬ್ರೂ ಕರೀತಿದಾರೆ."

ಸಮಿತಿಗೆ ಇಬ್ಬರು ಅಧ್ಯಕ್ಷರು, ಪಕ್ಷಕ್ಕೊಬ್ಬರಂತೆ. ಇಬ್ಬರೂ ರುಜು ಹಾಕಿದರೆ ಮಾತ್ರ ಕಡತದಿಂದ ಮಾತು ತೆಗೆಯಬಹುದು. ಐದು ಗಂಟೆಯೊಳಗೆ ರುಜು ಬೀಳದಿದ್ದರೆ ಆಡಿದ್ದು ಆಡಿದಂತೆಯೇ ಅಚ್ಚಿಗೆ. ಜೊತೆಗೆ ಅವರೇ ಮಾಡಿಕೊಂಡ ಇನ್ನೊಂದು ಕಟ್ಟಳೆಯಿತ್ತು: ಒಂದು ಪಕ್ಷಕ್ಕೆ ಚುಚ್ಚುವ ಸಾಲು ಎಷ್ಟು ಹೋಗುತ್ತದೋ, ಇನ್ನೊಂದಕ್ಕೆ ಚುಚ್ಚುವುದೂ ಅಷ್ಟೇ ಹೋಗಬೇಕು.

"ಮೇಡಂ," ಎಂದರು ಅಧ್ಯಕ್ಷರಲ್ಲಿ ಒಬ್ಬರಾದ ಹಾಲ್‌ಬ್ರುಕ್, ಪುಟ ನೋಡಿ, ನಯವಾಗಿ. "ನಿನ್ನೆ ಗಲಾಟೆ ಇತ್ತು. ಇಲ್ಲಿ 'ಸರಿಯಾಗಿ ಕೇಳಿಸಲಿಲ್ಲ' ಅಂತ ಹಾಕಿಬಿಟ್ರೆ?"

ರುಜುಗಳ ಗೋಜೇ ಬೇಡ. ಅವಳೊಬ್ಬಳು ಒಪ್ಪಿದರೆ ಸಾಕು, ಆರ್ಲೀನಳ ಮಾತು ಇರಲೇ ಇಲ್ಲವೆಂದಾಗುತ್ತಿತ್ತು.

"ನನಗೆ ಚೆನ್ನಾಗೇ ಕೇಳಿಸ್ತು ಸರ್," ಎಂದಳು. "ಕೇಳಿಸಿದ್ದನ್ನೆಲ್ಲ ಬರೆದಿದೀನಿ ಅಂತ ಕೊನೇ ಪುಟದಲ್ಲಿ ರುಜು ಹಾಕೋಳು ನಾನು."

ಇನ್ನೊಬ್ಬ ಅಧ್ಯಕ್ಷ ಪೆಕ್ ನಕ್ಕರು. "ಬಿಡಿ ಹಾಲ್‌ಬ್ರುಕ್, ಆಯಮ್ಮ ಬಗ್ಗೋಳಲ್ಲ. ಸಾಲೇ ತೆಗೆಯೋಣ. ನಿಮ್ಮ ಸುಳ್ಳಿಂದು, ನಮ್ಮ ಕೈ ಎತ್ತಿದ್ದು."

"ಆಯ್ತು."

"ತಾಳಿ, ತಾಳಿ. ನಿಮ್ಮದು ಎರಡು ಸಾಲು ಹೋಗುತ್ತಲ್ಲ! ಸುಳ್ಳು ಹೇಳಿದ್ದೊಂದು, ದಕ್ಕಿಸಿಕೊಂಡಿದ್ದೊಂದು. ನಮ್ಮದು ಒಂದೇ," ಎಂದರು ಪೆಕ್.

"ಅದು ಒಂದೇ ಮಾತು ಕಣ್ರೀ."

"ಮಧ್ಯೆ ಪೂರ್ಣವಿರಾಮ ಇದೆ. ಕೇಳಿ ಬೇಕಾದ್ರೆ."

ಇಬ್ಬರೂ ಅವಳತ್ತ ತಿರುಗಿದರು.

"ಅಲ್ಲಿ ಆಕೆ ಉಸಿರು ತಗೊಂಡ್ರು ಸರ್," ಎಂದಳು ವರ್ನೀಟಾ. "ಎರಡೇ ಸಾಲು."

"ಹಾಗಾದ್ರೆ ನಮಗೆ ಚುಚ್ಚೋದು ಇನ್ನೊಂದು ತೆಗೀರಿ," ಎಂದರು ಪೆಕ್.

"ಆಕೆ ಹೇಳಿಲ್ಲದ್ದನ್ನ ಎಲ್ಲಿಂದ ತರ್ಲಿ? ನಿಮ್ಮವರೇನು ಎರಡೂ ಕೈ ಎತ್ತಿದ್ರಾ?" ಎಂದರು ಹಾಲ್‌ಬ್ರುಕ್.

ಅಲ್ಲಿಂದ ಮಾತು ಯಾರು ಯಾವಾಗ ಕೈ ಎತ್ತಿದ್ದರು, ಯಾರು ಯಾರನ್ನು ನಂಬಿಸಿದ್ದರು ಎಂಬಲ್ಲಿಗೆ ಹೋಯಿತು. ಆ ಯುದ್ಧವನ್ನು ಮುಗಿಸುವ ದಾರಿ ತೋರಿಸಬೇಕಾದವರು ಒಂದು ಸಾಲಿಗೆ ಇನ್ನೊಂದು ಸಾಲು ಸಿಗದೆ ಬೆವರುತ್ತಿದ್ದರು. ಗ್ರೇಡಿ ನಾಲ್ಕು ಸಲ ಗಡಿಯಾರ ನೋಡಿದ. ಐದಕ್ಕೆ ಅಚ್ಚಿನವರ ಆಳು ಬಾಗಿಲು ತಟ್ಟಿದ.

"ಇನ್ನರ್ಧ ಗಂಟೆ!" ಎಂದರು ಇಬ್ಬರೂ ಒಟ್ಟಿಗೆ. ಆ ದಿನ ಅವರು ಒಮ್ಮತದಿಂದ ಆಡಿದ ಮಾತು ಅದೊಂದೇ.

"ನಿಯಮ ತಮ್ಮದೇ ಸರ್," ಎಂದ ಗ್ರೇಡಿ, ನೆಲ ನೋಡುತ್ತ.

ವರ್ನೀಟಾ ಕೊನೆಯ ಪುಟಕ್ಕೆ ರುಜು ಹಾಕಿ ಕಟ್ಟನ್ನು ಆಳಿನ ಕೈಗಿಟ್ಟಳು. ಆರ್ಲೀನ್ ಹ್ಯಾಚರಳ ಒಂದಕ್ಷರವೂ ಕೆಡದೆ ಹೊರಟುಹೋಯಿತು. ಹಜಾರದಲ್ಲಿ ಅವಳಿಗೆ ಹಾಡಬೇಕೆನಿಸಿತು. ಎದೆ ಅಷ್ಟು ತುಂಬಿತ್ತು. ಗೆದ್ದಿದ್ದು ಆರ್ಲೀನ್ ಆದರೂ ಈ ಹಿಗ್ಗಿನಲ್ಲಿ ತನಗೂ ಪಾಲಿದೆ ಅನ್ನಿಸಿತು.

ಆಮೇಲೆ ಬೇರೊಂದು ಯೋಚನೆ ಬಂತು. ಇಪ್ಪತ್ತಾರು ವರ್ಷ ಊರವರ ಮಾತನ್ನೆಲ್ಲ ಬರೆದಿದ್ದಳು. ಟೆರೆನ್ಸನ ಹೆಸರು ಯಾವ ಪುಟದಲ್ಲೂ ಇರಲಿಲ್ಲ.

"ಗುರುವಾರದ ವಿಚಾರಣೆಗೆ ಬರ್ತೀರಲ್ಲ, ಮಿಸೆಸ್ ಪಿಂಕ್ನಿ?" ಎಂದು ಗ್ರೇಡಿ ಹಿಂದಿನಿಂದ ಕೂಗಿದ.

"ಬರ್ತೀನಿ," ಎಂದಳು.

ಯಂತ್ರದ ಮುಂದೆ ಬೇರೆ ಯಾರಾದರೂ ಕೂರಲಿ. ತಾನು ಸಾಕ್ಷಿಯ ಕುರ್ಚಿಯಲ್ಲಿ ಕೂರುವುದು ಎಂದು ಅವಳು ಆಗಲೇ ನಿಶ್ಚಯಿಸಿಯಾಗಿತ್ತು. ಗ್ರೇಡಿಗೆ ಅದನ್ನು ಹೇಳಲಿಲ್ಲ.