ಹುಚ್ಚವ್ವ ಎರಡು ಬೋಗುಣಿಯನ್ನು ಒಂದು ಮಾಡಿದ್ದು

ಎಲ್ಲಿಂದ ಶುರು ಮಾಡಲಿ? ೧೯೭೪ರ ಮಾಗಿ, ಬೆಳಗಿನ ಏಳು ಗಂಟೆ, ಸಿಂದಗಿ ಹತ್ತಿರದ ಒಂದು ಊರು ಎಂದು ಬರೆದು ಅಳಿಸಿದೆ. (ಚಳಿಯಿಂದ ಶುರುವಾದ ಕಥೆ ಕೈ ಕಾಸುತ್ತಲೇ ಕೂತುಬಿಡುತ್ತದೆ.) ಆದರೆ ನಡೆದದ್ದು ಆಗಲೇ. ಮತ್ತೆ ಬರೆದೆ.

೧
ಊರಿನ ಮಕ್ಕಳ ಊಟದ ಕೇಂದ್ರದಲ್ಲಿ ಡಾಕ್ಟರ್ ಇಂದ್ರಾಬಾಯಿ ಇಪ್ಪತ್ತು ಮಕ್ಕಳನ್ನು ಎರಡು ಸಾಲಾಗಿ ಕೂರಿಸಿದರು. ಒಂದು ಸಾಲಿಗೆ ಬರೀ ಕುರಿಮಾಂಸದ ಖೀಮಾ, ಇನ್ನೊಂದಕ್ಕೆ ಅರ್ಧ ಖೀಮಾ, ಅರ್ಧ ಸೋಯಾ ಹಿಟ್ಟು. ಸೋಯಾದ ಪ್ರೋಟೀನಿನಲ್ಲಿ ಕಡಿಮೆ ಬೀಳುವ ಒಂದಂಶವನ್ನು ಮಾಂಸ ತುಂಬಿಕೊಡುತ್ತದೆ, ಹಾಗಾಗಿ ಅರ್ಧ ಮಾಂಸದಲ್ಲೂ ಮಕ್ಕಳು ಅಷ್ಟೇ ಬೆಳೆಯುತ್ತಾರೆ ಎಂಬುದು ಅವರ ನಂಬಿಕೆ. ಹನ್ನೆರಡು ವಾರ ಮಕ್ಕಳನ್ನು ತೂಗಿ ವಿಜಾಪುರದ ಮೇಲಿನವರಿಗೆ ತೋರಿಸಿದರೆ ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗೂ ಇದೇ ಊಟ. ಇಲ್ಲದಿದ್ದರೆ ಇಲ್ಲಿನ ಒಲೆಯೂ ಬಂದ್.

೨
(ಇಲ್ಲಿ ಪ್ರಯೋಗಶಾಲೆಯ ಇಲಿಗಳ ಬಗ್ಗೆ ಒಂದು ಪುಟ ಇತ್ತು. ನನಗೇ ಅರ್ಥವಾಗಲಿಲ್ಲ, ಹರಿದೆ.)

೩
ಕೊನೆಯ ವಾರ ಎರಡೂ ಸಾಲಿನ ತೂಕ ಸಮಸಮ ಏರಿತ್ತು. ಇಂದ್ರಾಬಾಯಿ ನಕ್ಕರು. ಅಡಿಗೆಯ ಹುಚ್ಚವ್ವ ನಗಲಿಲ್ಲ. ಒಲೆ ಆರಿದರೆ ಮೊದಲು ಸೊರಗುವವಳು ಅವಳ ಮೊಮ್ಮಗಳು ಚಂದವ್ವ. ಆದರೂ ಬಾಯಿಬಿಟ್ಟಳು.

"ಬಾಯಾರ, ಮೊದಲನೇ ದಿನದಿಂದ ಎರಡೂ ಬೋಗುಣಿ ಒಂದ ಕೊಪ್ಪರಿಗಿಗೆ ಸುರದ ಬಡಸೇನ್ರಿ."

"ಯಾಕ ಹಂಗ ಮಾಡಿದಿ ಹುಚ್ಚವ್ವಾ?"

"ಒಂದ ಪಂಗ್ತಿಗೆ ಕುಂತ ಕೂಸುಗಳಿಗೆ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಹೆಂಗ ಬಡಸೂದ್ರಿ? ಕೈಯರ ಏಳಬೇಕಲ್ಲ!"

"ಹನ್ನೆರಡ ವಾರದ ಕೆಲಸ ನೀರಾಗ ಹೋತು!"

"ನೀರಾಗ ಎಲ್ಲೈತ್ರಿ? ಕೂಸುಗಳ ಮೈಯಾಗ ಹೋಗೇತಿ."

೪
ಈ ಹೆಂಗಸನ್ನು ಸುಮ್ಮನಿರಿಸಲು ನಾನು ಬಹಳ ನೋಡಿದೆ. ಅವಳು ಹೇಳದಿದ್ದರೆ ರಿಪೋರ್ಟು ಹೋಗುತ್ತದೆ, ಒಲೆ ಉರಿಯುತ್ತದೆ, ನನ್ನ ಕಥೆಯೂ ಮುಗಿಯುತ್ತದೆ.

"ನನ್ನ ಸುಳ್ಳ ನಂಬಿ ಬಾಗೇವಾಡಿ ಕೂಸುಗಳು ಸೊರಗಿದ್ರ ನೀ ಹೋಗಿ ಎತ್ತಿ ಆಡಸ್ತಿಯೇನೋ, ಕತಿ ಬರಿಯಾವ?" ಎಂದು ನನ್ನ ಮೇಲೇ ತಿರುಗಿಬಿದ್ದಳು.

ಪೆನ್ನು ಕೆಳಗಿಟ್ಟೆ.

೫
ಒಂದು ಅಂತ್ಯದಲ್ಲಿ ಇಂದ್ರಾಬಾಯಿ ರಿಪೋರ್ಟು ಹರಿದರು. ಇನ್ನೊಂದರಲ್ಲಿ ಏನೂ ಕೇಳದವರಂತೆ ಸಹಿ ಹಾಕಿದರು. (ಎರಡೂ ಇಂದ್ರಾಬಾಯಿಗೆ ಒಗ್ಗಲಿಲ್ಲ.) ಮೂರನೆಯದರಲ್ಲಿ ರಿಪೋರ್ಟಿನ ಹಳೆಯ ಸಾಲುಗಳ ಮೇಲೆ ಗೆರೆ ಎಳೆದು ಬರೆದರು: 'ಎಲ್ಲ ಮಕ್ಕಳೂ ಉಂಡದ್ದು ಒಂದೇ, ಮುಕ್ಕಾಲು ಮಾಂಸ, ಕಾಲು ಸೋಯಾ. ಎಲ್ಲರ ತೂಕವೂ ಏರಿದೆ. ಅರ್ಧಕ್ಕರ್ಧದ್ದು ಇನ್ನೂ ಗೊತ್ತಿಲ್ಲ. ಮತ್ತೆ ನೋಡಬೇಕು, ಎರಡು ಬೇರೆ ಊರುಗಳಲ್ಲಿ.'

"ಹಾಂ, ಊರಿಗೊಂದು ಅಡಿಗಿ ಅಂದ್ರ ನಂದೇನ ತಕರಾರಿಲ್ರಿ," ಎಂದಳು ಹುಚ್ಚವ್ವ.

ಮೇಲಿನವರು ಒಪ್ಪಿದರೇ ಎಂದು ನೀವು ಕೇಳುತ್ತೀರಿ. ಅದನ್ನು ನಾನು ಬರೆಯುವುದಿಲ್ಲ. ಬರೆಯಬಲ್ಲದ್ದು ಇಷ್ಟೇ: ರಿಪೋರ್ಟನ್ನು ಟಪಾಲಿಗೆ ಹಾಕದೆ ತಾವೇ ಕೈಯಲ್ಲಿ ಹಿಡಿದುಕೊಂಡು, ಇಂದ್ರಾಬಾಯಿ ಗುರುವಾರ ವಿಜಾಪುರದ ಬಸ್ಸು ಹತ್ತಿದರು.