ದೊಡ್ಡವಳಿಗೆ ಹೇಳಿದ್ದೆ

"ಎದ್ದು ಹೋಗೋಕೆ ಏನಾಗಿತ್ತೇ ನಿಂಗೆ? ಏಳು ವರ್ಷದ ಕತ್ತೆ!"

ಅತ್ತೆಯ ದನಿ ಕೇಳಿ ಅವಳು ಒಲೆಯ ಮುಂದಿನಿಂದ ಎದ್ದುಬಂದಳು. ನಡುಮನೆಯಲ್ಲಿ ದೊಡ್ಡ ಮಗಳು ತೊಟ್ಟಿಲಿನ ಹಗ್ಗ ಬಿಡದೆ ನಿಂತಿದ್ದಳು. ಫ್ರಾಕು ಒದ್ದೆಯಾಗಿ ಕಾಲಿಗೆ ಅಂಟಿಕೊಂಡಿತ್ತು. ಉಚ್ಚೆ ನೆಲದ ಮೇಲೆ ಹರಿದು ಗೋಡೆಯ ಬದಿಗೆ ಸೇರಿತ್ತು.

"ಪಾಪು ಒಬ್ಬಳೇ ಆಗ್ತಾಳೆ ಅಂತ," ಎಂದಳು ಹುಡುಗಿ.

"ನಾನು ಇಲ್ಲೇ ಒಳಗಿದ್ನಲ್ಲ ಪುಟ್ಟಿ. ಒಂದು ಸಲ ಕೂಗಬಾರದಿತ್ತಾ?"

"ನೀನು ಕೆಲಸ ಮಾಡ್ತಿದ್ದೆ."

ಒಂದೂವರೆ ತಿಂಗಳ ಹಿಂದಿನ ಆ ದಿನವೂ ಅವಳು ಕೆಲಸವನ್ನೇ ಮಾಡುತ್ತಿದ್ದಳು. ಗಂಡ ಹಿಟ್ಟಿನ ಗಿರಣಿಗೆ ಹೋಗಿದ್ದ. ಅತ್ತೆ ಕೂಸನ್ನು ಪಕ್ಕದಲ್ಲಿ ಹಾಕಿಕೊಂಡು ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಹಸು ಈಯಲಾರದೆ ಒದ್ದಾಡುತ್ತಿತ್ತು. ಕರುವಿನ ಮುಂಗಾಲು ಎರಡೂ ಹೊರಬಂದು ತಲೆ ಸಿಕ್ಕಿಕೊಂಡಿತ್ತು. ಎರಡೂವರೆ ವರ್ಷದ ಮಗ ಕೊಟ್ಟಿಗೆಯ ಬಾಗಿಲಲ್ಲಿ ತೂತು ಚೊಂಬಿಗೆ ಮಣ್ಣು ತುಂಬಿಕೊಂಡು ಆಡುತ್ತಿದ್ದ. ಅಲ್ಲಿಂದ ದನ ನೀರು ಕುಡಿಯುವ ತೊಟ್ಟಿಗೆ ಇಪ್ಪತ್ತು ಹೆಜ್ಜೆ. ಕರು ದೊಪ್ಪನೆ ಕೆಳಗೆ ಬಿದ್ದು ಉಸಿರೆಳೆದುಕೊಂಡಾಗ ಅವಳು ನಕ್ಕಿದ್ದಳು ಕೂಡ. ಮೊಣಕೈವರೆಗೆ ರಕ್ತವಾಗಿದ್ದ ಕೈ ತೊಳೆಯಲು ತೊಟ್ಟಿಯ ಹತ್ತಿರ ಹೋದದ್ದು ಆಮೇಲೆ. ಮಗ ನೀರಲ್ಲಿ ಬೋರಲಾಗಿದ್ದ.

ಅಂಗಳದ ತುಂಬ ಜನ ಸೇರಿದ್ದರು. ಗಂಡ ಹಿಟ್ಟಿನ ಚೀಲ ಹೊತ್ತುಕೊಂಡೇ ನಿಂತುಬಿಟ್ಟಿದ್ದ. ಅತ್ತೆ ತಲೆ ಚಚ್ಚಿಕೊಳ್ಳುತ್ತ, "ಮಗೂನ ಯಾರ ಕೈಗೆ ಕೊಟ್ಟು ಹೋಗಿದ್ಯೇ?" ಎಂದು ಕೇಳಿದಳು.

"ದೊಡ್ಡವಳಿಗೆ ಹೇಳಿದ್ದೆ."

ಅಳೆದು ತೂಗಿ ಆಡಿದ ಮಾತಲ್ಲ. ಯಾರೋ ಹೊಡೆಯಲು ಬಂದಾಗ ಕೈ ತಾನಾಗಿ ಮುಖಕ್ಕೆ ಅಡ್ಡ ಬರುತ್ತದಲ್ಲ, ಹಾಗೆ ಬಂದದ್ದು. ದೊಡ್ಡವಳು ಆಗ ಹಿತ್ತಲ ಮರದ ಮೇಲೆ ಕುಳಿತಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಹುಡುಗಿಯನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೇ ವಾಸಿಯಿತ್ತೇನೋ. "ಎಲ್ಲಿ ನಮ್ಮನೆ ಯಜಮಾನ್ತಿ?" ಎಂದು ಹೊಲದಿಂದ ಬರುವಾಗಲೇ ಕೂಗುತ್ತಿದ್ದ ಅಪ್ಪ ಆ ಕೂಗು ನಿಲ್ಲಿಸಿದ. ಊಟಕ್ಕೆ ಕೂತರೆ ಅವಳಿಗೆ ಬೆನ್ನು ಮಾಡಿ ಕೂರುತ್ತಿದ್ದ. ಮಕ್ಕಳ ಮನಸ್ಸು, ನಾಲ್ಕು ದಿನದಲ್ಲಿ ಮರೆತುಬಿಡುತ್ತದೆ ಎಂದು ತಾಯಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಂದೂವರೆ ತಿಂಗಳಾಯಿತು. ಹುಡುಗಿ ಶಾಲೆಗೆ ಹೋಗಲಿಲ್ಲ, ಮರ ಹತ್ತಲಿಲ್ಲ. ತೊಟ್ಟಿಲು ಬಿಟ್ಟು ಅಲುಗಲಿಲ್ಲ.

ಈಗ ಬಚ್ಚಲಲ್ಲಿ ನಿಲ್ಲಿಸಿ ಕಾಲು ತೊಳೆಯುವಾಗಲೂ ಅವಳು ಕತ್ತು ಹೊರಳಿಸಿ ನಡುಮನೆಯ ಕಡೆಗೇ ನೋಡುತ್ತಿದ್ದಳು. "ಬೇಗ ಅಮ್ಮ, ಬೇಗ," ಎನ್ನುತ್ತಿದ್ದಳು. ತಾಯಿ ಚೊಂಬು ಕೆಳಗಿಟ್ಟಳು.

ಮಧ್ಯಾಹ್ನ ಗಂಡ ಊಟಕ್ಕೆ ಕೂತ. ಅತ್ತೆ ಎದುರಿಗಿದ್ದಳು. ಅವಳು ಬಡಿಸಿ, ಸೌಟು ಕೆಳಗಿಟ್ಟು, ನಿಂತೇ ಹೇಳಿದಳು.

"ನಾನು ಅವಳಿಗೆ ಹೇಳಿರ್ಲಿಲ್ಲ."

"ಯಾರಿಗೆ? ಏನು?"

"ದೊಡ್ಡವಳಿಗೆ. ಅವತ್ತು. ತಮ್ಮನ್ನ ನೋಡ್ಕೋ ಅಂತ ನಾನು ಹೇಳೇ ಇರ್ಲಿಲ್ಲ. ಅವಳು ಹಿತ್ತಲಲ್ಲಿದ್ಲು. ನಾನು ಸುಳ್ಳು ಹೇಳ್ದೆ."

ಗಂಡನ ಬೆರಳುಗಳು ಕಲಸಿದ ಅನ್ನದಲ್ಲೇ ನಿಂತವು.

"ಮುಚ್ಚೇ ಬಾಯಿ," ಎಂದಳು ಅತ್ತೆ. "ಹೋದ ಜೀವ ಹೋಯ್ತು. ಈಗ ಯಾಕೆ ಕೆದಕ್ತೀಯ?" ಆಮೇಲೆ ಅವಳ ದನಿಯೇ ಕುಸಿಯಿತು. "ನಾನೂ ಮಲಗಿಬಿಟ್ಟಿದ್ನಲ್ಲ... ಹೆಣದ ಹಾಗೆ ಮಲಗಿಬಿಟ್ಟಿದ್ದೆ."

"ಒಂದೂವರೆ ತಿಂಗಳು," ಎಂದ ಗಂಡ. ಹೆಂಡತಿಯ ಕಡೆ ನೋಡಲಿಲ್ಲ. "ಒಂದೂವರೆ ತಿಂಗಳಿಂದ ಆ ಮಗೂ ಮುಖ ನೋಡಿಲ್ಲ ನಾನು."

ಕೈ ತೊಳೆಯದೆ ಎದ್ದುಹೋಗಿ ತೊಟ್ಟಿಲ ಪಕ್ಕ ಕುಕ್ಕರಗಾಲಲ್ಲಿ ಕೂತ. ತಾಯಿ ಬಾಗಿಲವರೆಗೆ ಬಂದು ನಿಂತಳು.

"ಯಜಮಾನ್ತಿ," ಎಂದ. "ಕೇಳಿಸ್ತಾ? ಅಮ್ಮ ನಿಂಗೆ ಹೇಳಿರ್ಲಿಲ್ವಂತೆ. ನಿಂದೇನೂ ತಪ್ಪಿಲ್ಲ ಕಣಮ್ಮ. ಹೋಗು, ಆಡ್ಕೋ ಹೋಗು."

ಹುಡುಗಿ ಅಪ್ಪನನ್ನು ನೋಡಿದಳು, ಬಾಗಿಲಲ್ಲಿ ನಿಂತ ಅಮ್ಮನನ್ನು ನೋಡಿದಳು. ತೊಟ್ಟಿಲು ತೂಗುವುದನ್ನು ಮಾತ್ರ ನಿಲ್ಲಿಸಲಿಲ್ಲ.

"ಹೇಳಿದ್ಲು ಅಪ್ಪ," ಎಂದಳು. "ಕೊಟ್ಟಿಗೆಯಿಂದ ಕೂಗಿ ಹೇಳಿದ್ಲು. ನಾನು ಹೂಂ ಅಂದೆ. ಆಮೇಲೆ ಮರೆತುಬಿಟ್ಟೆ."

"ಇಲ್ಲ ಕಂದ. ನಾನು ಕೂಗೇ ಇರ್ಲಿಲ್ಲ."

"ನಿಂಗೆ ನೆನಪಿಲ್ಲ ಅಮ್ಮ," ಎಂದಳು ಹುಡುಗಿ, ಚಿಕ್ಕವರಿಗೆ ತಿಳಿಹೇಳುವ ಹಾಗೆ. "ನಂಗಿದೆ."

ಅಡುಗೆಮನೆಯ ಹೊಸ್ತಿಲು ದಾಟಿ ಬಂದ ಕೋಳಿಯೊಂದು ಅತ್ತಿತ್ತ ನೋಡಿ, ಅರ್ಧ ಉಂಡ ತಟ್ಟೆಗೆ ಕೊಕ್ಕು ಹಾಕಿತು. ಅದನ್ನು ಓಡಿಸಲು ಯಾರೂ ಕೈ ಎತ್ತಲಿಲ್ಲ.