ಭಾನುವಾರದ ಹಣ್ಣುಹುಳ

ಸೋಮಮ್ಮ ಆ ಔಷಧಿಯನ್ನು ಶನಿವಾರ ಮಧ್ಯಾಹ್ನವೇ ರೇಷ್ಮೆಹುಳದ ಸೊಪ್ಪಿಗೆ ಚಿಮುಕಿಸಿಬಿಟ್ಟಳು. ಸಂಜೆ ಬಸ್ಸು ಬರುವ ತನಕ ತಡೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಏನು ಮಾಡೋಣ, ಅವಳ ಹಣೆಬರಹ!

ಮಾಂಬಳ್ಳಿಯಾಚೆಯ ಆ ಊರಲ್ಲಿ ರೇಷ್ಮೆಹುಳ ಸಾಕುವ ಮನೆ ಈಗ ಅವಳದೊಂದೇ. ಹುಳ ಹಣ್ಣಾದರೆ, ಅಂದರೆ ಸೊಪ್ಪು ತಿನ್ನುವುದು ಬಿಟ್ಟು ಮೈ ಹಳದಿ ತಿರುಗಿ ತಲೆ ಎತ್ತಿದರೆ, ಒಂದೊಂದನ್ನೇ ಕೈಯಲ್ಲಿ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಅವು ಯಾರಿಗೂ ಕಾಯುವುದಿಲ್ಲ, ತಟ್ಟೆಯ ಹಿಕ್ಕೆ ಕಸದೊಳಗೇ ಗೂಡು ಕಟ್ಟಿಬಿಡುತ್ತವೆ. ಅಂಥ ಗೂಡನ್ನು ಮಾರುಕಟ್ಟೆಯಲ್ಲಿ ಮೂಸಿಯೂ ನೋಡರು. ಅದಕ್ಕೇ ಮುಯ್ಯಾಳಿನ ವಾಡಿಕೆ. ಇವತ್ತು ನಿಮ್ಮ ಮನೆಯ ಹುಳಕ್ಕೆ ನಾವು, ನಾಳೆ ನಮ್ಮ ಮನೆಗೆ ನೀವು. ಕೂಲಿಯ ಮಾತೇ ಇಲ್ಲ, ಒಂದು ಊಟ, ಎಲೆ ಅಡಿಕೆ. ಸೋಮಮ್ಮ ಮುಯ್ಯಿಗೆ ಹೋಗದ ಮನೆ ಆ ಊರಲ್ಲಿಲ್ಲ.

ಆದರೆ ಈಗ ಆಳೆಲ್ಲಿ? ಅಭಿವೃದ್ಧಿ ಬಂತು ಸ್ವಾಮಿ! ಕೊಳ್ಳೇಗಾಲದ ರಸ್ತೆಯಲ್ಲಿ ಬಟ್ಟೆ ಹೊಲಿಯುವ ಫ್ಯಾಕ್ಟರಿ ಎದ್ದಿತು. ಬೆಳಗಾದರೆ ಅದರ ಬಸ್ಸು ಬಂದು ಕೈಕಾಲು ಗಟ್ಟಿ ಇರುವ ಹೆಂಗಸರನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ಗಂಡಸರು ಹನೂರು ದಾಟಿ ತಮಿಳುನಾಡಿನ ಗಿರಣಿ ಸೇರಿದ್ದಾರೆ. ಮನೆಮನೆಗೂ ಫ್ರಿಜ್ಜು ಬಂದಿದೆ, ತೊಟ್ಟಿಲು ಮಾತ್ರ ಅಟ್ಟ ಸೇರಿದೆ. ಅಂಗನವಾಡಿ ಟೀಚರು ಮಕ್ಕಳಿಗಾಗಿ ಪಕ್ಕದೂರಿನ ಬಾಗಿಲು ತಟ್ಟುತ್ತಾಳೆ. ಯಾರನ್ನು ಬೈಯುವುದು? ತಿಂಗಳ ಸಂಬಳ ಬೇಡ ಅನ್ನುವವರು ಯಾರಿದ್ದಾರೆ?

ಬಸ್ಸು ಹತ್ತದೆ ಉಳಿದ ಹರೆಯದವಳು ಒಬ್ಬಳೇ, ಸೋಮಮ್ಮನ ಮಗಳು ರೂಪ. ಪಿಯುಸಿ ಮುಗಿಸಿ ಕೊಳ್ಳೇಗಾಲದಲ್ಲಿ ನರ್ಸಿಂಗ್ ಸೇರಲು ಕಾಯುತ್ತಿದ್ದಳು. ಸೇರುವುದಕ್ಕೆ ಇನ್ನೊಂದು ವಾರ ಉಳಿದಿತ್ತು, ಈ ಗೂಡು ಮಾರಿ ಫೀಸು ಕಟ್ಟಿದರೆ ಮಾತ್ರ ಸೇರುವುದು. ಡ್ರೈವರ್ ಮಾದು ದಿನಾ ಬೆಳಿಗ್ಗೆ ಹಾರನ್ ಹೊಡೆದು, "ಇನ್ಯಾರಾರ ಅವ್ರಾ?" ಎಂದು ಕೂಗುತ್ತಿದ್ದ. ಗಂಡ ಸತ್ತ ಮೇಲೆ ಬಾಯಿ ಜೋರಾಗಿದ್ದ ಸೋಮಮ್ಮ ಒಳಗಿಂದಲೇ, "ನನ್ ಮಗ್ಳು ಬರಕಿಲ್ಲ, ಓಗ್ಲಾ! ನಾನ್ ಬದ್ಕಿರಗಂಟ ಅವ್ಳು ಈ ಬಸ್ ಅತ್ತಕಿಲ್ಲ!" ಎಂದು ಗದರುತ್ತಿದ್ದಳು.

ಹುಳ ತನ್ನ ಪಾಡಿಗೆ ಬಿಟ್ಟರೆ ಎರಡು ಮೂರು ದಿನ ಚೂರು ಚೂರೇ ಹಣ್ಣಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಹಣ್ಣು ಮಾಡುವ ಔಷಧಿಯೂ ಸಿಗುತ್ತದೆ. ಸೋಮಮ್ಮ ಲೆಕ್ಕ ಹಾಕಿದಳು: ಭಾನುವಾರ ಫ್ಯಾಕ್ಟರಿಗೆ ರಜ, ಹೆಂಗಸರೆಲ್ಲ ಊರಲ್ಲಿರುತ್ತಾರೆ, ಅವತ್ತೇ ಹಣ್ಣಾಗಲಿ. ಪಕ್ಕದ ಮನೆಯ ವೀರಮ್ಮ, "ಎಲ್ರೂ ಬತ್ತೀವಿ ಕನಕ್ಕ" ಎಂದು ಮಾತು ಕೊಟ್ಟಿದ್ದಳು. ಶನಿವಾರ ನಾಲ್ಕಾರು ಹುಳ ಹಳದಿ ತಿರುಗಿದ್ದು ಕಂಡದ್ದೇ ಔಷಧಿ ಹಾಕಿದಳು.

ಸಂಜೆ ಬಸ್ಸಿಳಿದ ವೀರಮ್ಮನ ಮುಖ ಬಾಡಿತ್ತು. "ಅಕ್ಕ, ನಾಳ ಡ್ಯೂಟಿ ಆಕ್ಬುಟ್ರು. ಅರ್ಜೆಂಟ್ ಆರ್ಡರಂತೆ. ಬರ್ದೇ ಇದ್ರೆ ಮತ್ತ ಗೇಟೊಳಕ್ಕೆ ಬುಡಕಿಲ್ವಂತೆ."

"ಅಯ್ಯೋ, ಔಸ್ತಿ ಕೊಟ್ಬುಟ್ನಲ್ಲೇ!" ಎಂದು ಸೋಮಮ್ಮ ಎದೆ ಎದೆ ಬಡಿದುಕೊಂಡಳು.

ಮರುದಿನ ಬೆಳಿಗ್ಗೆ ಬಸ್ಸಿಗೆ ಅಡ್ಡ ನಿಂತಳು. "ವೀರಿ, ನಿನ್ ಬಾಣಂತನ್ದಾಗ ನಿಮ್ಮನೆ ಹುಳನೆಲ್ಲ ನಾನೇ ಆರಿಸ್ನಿಲ್ವಾ? ನಾಕು ಜನ ಇಳೀರವ್ವಾ, ನಿಮ್ ಕಾಲಿಗ್ ಬೀಳ್ತೀನಿ!" ಒಳಗಿದ್ದವರೆಲ್ಲ ತಲೆ ತಗ್ಗಿಸಿದರು. ವೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು, ಇಳಿಯಲಿಲ್ಲ. ಮಾದು ಬಸ್ಸನ್ನು ಚರಂಡಿ ಪಕ್ಕಕ್ಕೆ ತಿರುಗಿಸಿಕೊಂಡು ಹೋದ.

ಹತ್ತು ಗಂಟೆಗೆಲ್ಲ ತಟ್ಟೆ ತಟ್ಟೆಯೂ ಹಣ್ಣಾಯಿತು. ಅಷ್ಟೂ ಹುಳ ಒಮ್ಮೆಗೇ ತಲೆ ಎತ್ತಿ ಜಾಗ ಹುಡುಕುತ್ತಿದ್ದವು. ತಾಯಿ ಮಗಳು ಸೊಂಟ ಬಿದ್ದುಹೋಗುವಂತೆ ಆರಿಸಿದರು. ರೂಪ ಸತ್ತೇಗಾಲದ ಚಿಕ್ಕಮ್ಮನಿಗೆ ಫೋನು ಮಾಡಿದಳು. ಅಲ್ಲಿಯ ಹೆಂಗಸರನ್ನೂ ಇನ್ನೊಂದು ಬಸ್ಸು ಹೊತ್ತೊಯ್ದಿತ್ತು. ಎದುರು ಮನೆಯ ಜಗಲಿಯ ಮೇಲಿದ್ದ ಮುದುಕ ಮುತ್ತಯ್ಯ ಕೋಲೂರಿಕೊಂಡು ಬಂದ. ಪಾಪ, ಕಣ್ಣು ಮಂಜು. ಹುಳವೆಂದು ಕಡ್ಡಿಯನ್ನೇ ಎತ್ತಿದ, ಹಣ್ಣುಹುಳವನ್ನು ಬೆರಳಲ್ಲಿ ಹಿಸುಕಿದ. "ಏನೂ ಕಾಣಕಿಲ್ಲ ಕನವ್ವ," ಎಂದು ಅಳುತ್ತ ಕೂತ.

"ಇರ್ರಪ್ಪ, ಒಂದ್ ಗಳಿಗೆ ಇರ್ರಿ," ಎಂದು ಸೋಮಮ್ಮ ಹುಳಗಳನ್ನೇ ಬೇಡಿಕೊಳ್ಳುತ್ತಿದ್ದಳು. ಅವು ಕೇಳಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಹಿಕ್ಕೆಯೊಳಗೆ, ಕಡ್ಡಿ ಸಂದಿಯಲ್ಲಿ, ಒಂದರ ಮೈಮೇಲೊಂದು ನೂಲು ಸುತ್ತಿಕೊಂಡವು. ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳಲ್ಲಿ ಮುಕ್ಕಾಲು ಪಾಲು ಖಾಲಿಯೇ ಉಳಿದವು.

ಸಂಜೆ ಬಸ್ಸು ನಿಂತದ್ದೇ ತಡ, ಹೆಂಗಸರೆಲ್ಲ ಮನೆಗೂ ಹೋಗದೆ, ಕೊರಳಿನ ಐಡಿ ಕಾರ್ಡೂ ತೆಗೆಯದೆ ಓಡಿ ಬಂದರು. ವೀರಮ್ಮ ತಟ್ಟೆಗೆ ಕೈ ಹಾಕಿದಳು. ಕಸದ ಸಮೇತ ಗೂಡಿನ ಮುದ್ದೆ ಎದ್ದು ಬಂತು.

"ಈಗ್ಯಾಕ್ ಬಂದ್ರೇ? ಎಣ ನೋಡಕ್ಕಾ?" ಎಂದು ಸೋಮಮ್ಮ ಕಿರುಚಿದಳು. ಆಮೇಲೆ ಅದೇ ವೀರಮ್ಮನ ಹೆಗಲ ಮೇಲೆ ಬಿದ್ದು ಹೋ ಎಂದು ಅತ್ತಳು.

ಸೋಮವಾರ ಬೆಳಿಗ್ಗೆ ರೂಪ ತಲೆ ಬಾಚಿ, ಟಿಫಿನ್ ಡಬ್ಬಿ ಹಿಡಿದು ನಿಂತಿದ್ದಳು.

"ಎಲ್ಲಿಗವ್ವ?" ಎಂದಳು ಸೋಮಮ್ಮ.

"ಬಸ್ಸಿಗೆ."

"ಬ್ಯಾಡ ಕನವ್ವ! ಇನ್ನೊಂದ್ ಬೆಳೆ ತಗೀತೀನಿ, ಬರೋ ವರ್ಸ ಸೇರ್ಕಂಡೀಯೆ..."

"ಇನ್ನೊಂದ್ ಬೆಳೆಗೆ ಯಾರವ್ವ ಬತ್ತಾರೆ?"

ಮಗಳ ತೋಳು ಹಿಡಿದಿದ್ದ ಸೋಮಮ್ಮನ ಕೈ ತಾನಾಗಿಯೇ ಸಡಿಲವಾಯಿತು. ಬಸ್ಸಿನಲ್ಲಿ ವೀರಮ್ಮ ಎದ್ದು ತನ್ನ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಳು. "ಬಾ ಕೂಸೇ, ಇಲ್ಲಿ ಕೂತ್ಕ." ರೂಪ ಕೂತಳು. ಅವ್ವನ ಕಡೆ ತಿರುಗಲಿಲ್ಲ.

ಮಾದು ಅಭ್ಯಾಸದಂತೆ ಹಾರನ್ ಹೊಡೆದು ಕೂಗಿದ, "ಇನ್ಯಾರಾರ ಅವ್ರಾ?"

ಸೋಮಮ್ಮ ಬಾಗಿಲಲ್ಲೇ ನಿಂತಿದ್ದಳು. ಇವತ್ತು ಗದರಲಿಲ್ಲ.

"ಇಲ್ಲ ಕನಪ್ಪ, ಓಗು," ಎಂದಳು. "ಇನ್ಯಾರೂ ಇಲ್ಲ."